ಪಂಪು ತೆರೆದರೆ ಸಾಕೇ?

ಅಮೆರಿಕದ ಹಳೆಯ ಡಾಡ್ಜ್ ರಾಮ್ ಪಿಕಪ್‌ಗಳ ಪೈಕಿ 1994ರಿಂದ 1998ರ ನಡುವೆ ಬಂದ ಡೀಸೆಲ್ ಗಾಡಿಗಳಿಗೆ ಅಲ್ಲಿ ಇಂದಿಗೂ ಮರ್ಯಾದೆ ಹೆಚ್ಚು. ಕಾರಣ ಬಾನೆಟ್ಟಿನ ಕೆಳಗಿರುವ ಕಮ್ಮಿನ್ಸ್ 5.9 ಲೀಟರಿನ ಹನ್ನೆರಡು ವಾಲ್ವ್ ಇಂಜಿನ್ ಮತ್ತು ಅದರ ಬಾಷ್ ಪಿ7100 ಪಂಪು. ಕಂಪ್ಯೂಟರಿನ ಹಂಗಿಲ್ಲ. ಪಂಪು ತೆರೆದು, ಡೀಸೆಲ್ಲಿಗೆ ಮಿತಿ ಹಾಕುವ ಪುಟ್ಟ ತಗಡೊಂದನ್ನು ಸರಿಸಿದರೆ ಗಾಡಿಯ ಗುಣವೇ ಬದಲಾಗುತ್ತದೆ. 1996ರ ಮ್ಯಾನ್ಯುಯಲ್ ಗೇರಿನ ಗಾಡಿಗೆ ಕಂಪನಿ ಕೊಟ್ಟದ್ದು 215 ಹಾರ್ಸ್‌ಪವರ್. ಅದನ್ನು ಮನೆಯ ಶೆಡ್ಡಿನಲ್ಲೇ, ಅಗ್ಗದಲ್ಲಿ, ಮುನ್ನೂರು ದಾಟಿಸುವುದು ಅಲ್ಲೊಂದು ಹುಚ್ಚು. ಈ ಹುಚ್ಚಿನ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ತಕರಾರೂ ಇದೆ.

ಇಂಜಿನ್ ಇಳಿಸಿ ಹೊಸ ಪಿಸ್ಟನ್, ರಿಂಗು, ಬೇರಿಂಗು ಹಾಕಿದರೆ ಬಲ ಹೆಚ್ಚುತ್ತದೆಂದು ಬಹಳ ಮಂದಿ ನಂಬಿದ್ದಾರೆ. ಸವೆದು ಸೋರಿಹೋಗಿದ್ದ ಕಂಪ್ರೆಷನ್ ಮರಳಿ ಬರುತ್ತದೆ, ಅಷ್ಟೇ. ಹೆಚ್ಚಿನ ಬಲ ಬರಬೇಕಾದ್ದು ಗಾಳಿ ಮತ್ತು ಡೀಸೆಲ್‌ನಿಂದ. ಇದರ ಬ್ಲಾಕಿಗೆ ಬೇರೆ ಲೈನರ್ ಇಲ್ಲ. ಬೋರಿಂಗ್ ಮಾಡಿಸಿದರೆ ಬ್ಲಾಕನ್ನೇ ಕೊರೆಯಬೇಕು, ದಪ್ಪ ಪಿಸ್ಟನ್ ತರಬೇಕು. ಅಳತೆ ಹಿಡಿದು ನೋಡಿ, ಬೋರು ಸವೆದಿಲ್ಲವೆಂದಾದರೆ ಹೋನಿಂಗ್ ಮಾಡಿ ರಿಂಗು ಬದಲಿಸಿದರೆ ಸಾಕು. ಅಳತೆಯ ಮೈಕ್ರೋಮೀಟರಿಗೆ ಖರ್ಚು ಮಾಡದೆ ಪಿಸ್ಟನ್ ಸೆಟ್ಟಿಗೆ ಸುರಿಯುವವರನ್ನು ಮಿತವ್ಯಯಿಗಳೆಂದು ನಾನಂತೂ ಕರೆಯಲಾರೆ.

ನಿಜವಾದ ಕಷ್ಟ ಬಿಸಿಯದು. ಇದೇ ಇಂಜಿನ್ನನ್ನು ಕಮ್ಮಿನ್ಸ್ ಕಂಪನಿ ದೋಣಿಗಳಿಗೆ 370 ಹಾರ್ಸ್‌ಪವರ್‌ವರೆಗೂ ಕೊಟ್ಟಿದೆ. 'ನೋಡಿ, ಕಂಪನಿಯೇ ಕೊಟ್ಟಿದೆಯಲ್ಲ' ಎಂದು ವಾದಿಸುವವರು ಒಂದು ಮಾತು ಮರೆಯುತ್ತಾರೆ: ದೋಣಿಯಲ್ಲಿ ಟರ್ಬೊದ ಕಾದ ಗಾಳಿಯನ್ನು ತಣಿಸಲು ಸಮುದ್ರವೇ ಇದೆ. ಟ್ರೇಲರ್ ಎಳೆದುಕೊಂಡು ಬೆಟ್ಟ ಹತ್ತುವ ಪಿಕಪ್‌ಗೆ ಇರುವುದು ಮುಂದಿನ ಜಾಲರಿಯಿಂದ ನುಗ್ಗುವ ಗಾಳಿ ಮಾತ್ರ, ಅದೂ ಗಾಡಿ ತೆವಳುತ್ತಿರುವಾಗ. ಗಾಳಿ ಹೆಚ್ಚಿಸದೆ ಡೀಸೆಲ್ ಹೆಚ್ಚಿಸುವುದೆಂದರೆ ಒಲೆಗೆ ಸೌದೆ ತುರುಕಿ ಊದುವುದನ್ನು ಬಿಟ್ಟಂತೆ. ಸೈಲೆನ್ಸರಿನಿಂದ ಕರಿಹೊಗೆ, ಒಳಗೆ ಉರಿ. ಟರ್ಬೊಗೆ ಹೋಗುವ ಹೊಗೆಯ ಬಿಸಿ ಹೆಚ್ಚು ಹೊತ್ತು 700 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂಬುದು ಅಲ್ಲಿನವರ ಅನುಭವದ ಲೆಕ್ಕ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುವ ಲೋಹ. ಪಿಸ್ಟನ್ ಬದುಕುವುದು ಕೆಳಗಿನಿಂದ ಚಿಮ್ಮುವ ಆಯಿಲ್ ಮತ್ತು ಪ್ರತಿ ಸಲ ಒಳಬರುವ ಹೊಸ ಗಾಳಿಯ ದಯೆಯಿಂದ. ಆದ್ದರಿಂದ ಮೊದಲು ಕೊಳ್ಳಬೇಕಾದ್ದು ಆ ಬಿಸಿ ತೋರಿಸುವ ಮೀಟರು. ಕೊಳ್ಳುವವರು ಮಾತ್ರ ಮೊದಲು ದೊಡ್ಡ ನಾಜಲ್ ತರುತ್ತಾರೆ, ಆಮೇಲೆ ದೊಡ್ಡ ಟರ್ಬೊ. ಮೀಟರು ಪಿಸ್ಟನ್ ತೂತಾದ ಮೇಲೆ.

ಮೆಚ್ಚುಗೆ ಯಾವುದಕ್ಕೆ ಅಂದರೆ, ಇದೇ ಜನ ಕಂಡುಕೊಂಡ ಒಂದು ಚಿಕ್ಕ ಉಪಾಯಕ್ಕೆ. ಟೈಮಿಂಗ್ ಗೇರಿನ ಕೇಸನ್ನು ಬ್ಲಾಕಿಗೆ ಸರಿಯಾಗಿ ಕೂರಿಸಲು ಒಂದು ಉಕ್ಕಿನ ಪಿನ್ನು ಇದೆ. ವರ್ಷಗಟ್ಟಲೆ ನಡುಗಿ ನಡುಗಿ ಅದು ಹೊರಬಂದು ಗೇರುಗಳ ನಡುವೆ ಬಿದ್ದರೆ ಇಂಜಿನ್ ಕಥೆ ಮುಗಿದಂತೆ. ಪಕ್ಕದ ಬೋಲ್ಟಿನಡಿ ಒಂದು ತಗಡಿನ ತುಂಡು ಸಿಕ್ಕಿಸಿ ಪಿನ್ನಿನ ಬಾಯಿ ಮುಚ್ಚಿದರೆ ಅದು ಅಲ್ಲೇ ಉಳಿಯುತ್ತದೆ. ಕೆಲವೇ ಡಾಲರಿನ ಸಾಮಾನು. ಒಂದು ಹಾರ್ಸ್‌ಪವರ್ ಕೂಡ ಹೆಚ್ಚಿಸದು. ಈ ಇಡೀ ಪರಂಪರೆಯಲ್ಲಿ ನನಗೆ ಅತ್ಯಂತ ಜಾಣ ಕೆಲಸವೆನಿಸಿದ್ದು ಇದೇ.

ಇನ್ನು ಕ್ಲಚ್ಚು, ಗೇರ್‌ಬಾಕ್ಸು. ಹೆಚ್ಚಿದ ಎಳೆತ ಮೊದಲು ಸುಡುವುದು ಕ್ಲಚ್ ಪ್ಲೇಟನ್ನೇ. ಆ ಖರ್ಚನ್ನು 'ಅಗ್ಗದ' ಲೆಕ್ಕದಲ್ಲಿ ಯಾರೂ ಬರೆಯುವುದಿಲ್ಲ. ತಿಂಗಳುಗಟ್ಟಲೆ ಶನಿವಾರ, ಭಾನುವಾರ ದುಡಿದ ಕೂಲಿಯೂ ಅಲ್ಲಿಲ್ಲ.

ಈ ಇಂಜಿನ್ ನಮಗೂ ಹೊಸದಲ್ಲ. 1993ರಲ್ಲಿ ಶುರುವಾದ ಟಾಟಾ ಕಮ್ಮಿನ್ಸ್ ಇದೇ ಬಳಗದ ಇಂಜಿನ್ನನ್ನು ಜಮ್ಷೆಡ್‌ಪುರದಲ್ಲಿ ಮಾಡಿತು. ನಮ್ಮ ಹೆದ್ದಾರಿಯ ಟಾಟಾ ಲಾರಿಗಳಲ್ಲೂ ಅದು ಓಡಿದೆ. ಬಾಷ್ ಪಂಪಂತೂ ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ದೆಸೆಯಿಂದ 'ಮೈಕೋ ಪಂಪ್' ಎಂದೇ ಮನೆಮಾತು. ಇಲ್ಲಿನ ಲಾರಿ ಮಾಲೀಕನೂ ಪಂಪಿನ ಅಂಗಡಿಗೆ ಹೋಗುತ್ತಾನೆ. ಆದರೆ ಅವನು ಕೇಳುವುದು ಆವರೇಜು: "ಡೀಸೆಲ್ ಸ್ವಲ್ಪ ಕಮ್ಮಿ ಮಾಡಿಕೊಡಿ ಮೇಸ್ತ್ರಿ, ಘಾಟಿಯಲ್ಲಿ ಎಳೆದರೆ ಸಾಕು."