ಸೋಡಿ, ಉದರಿ, ಮರುಮುದ್ರಣ

ಸಿ.ಕೆ. ನಾರಾಯಣ ರೆಡ್ಡಿ, ಗೀತಾ ರಾಮಸ್ವಾಮಿ ಮೊದಲಾದವರು 1980ರಲ್ಲಿ ಕಟ್ಟಿದ ಹೈದರಾಬಾದ್ ಬುಕ್ ಟ್ರಸ್ಟ್, ಲಾಭದ ಉದ್ದೇಶವಿಲ್ಲದೆ ಕಡಿಮೆ ಬೆಲೆಗೆ ತೆಲುಗು ಪುಸ್ತಕಗಳನ್ನು ಒದಗಿಸುತ್ತ ನಾಲ್ಕು ದಶಕಗಳನ್ನು ದಾಟಿ ಬಂದಿದೆ. ಸಣ್ಣ ಪ್ರಕಾಶನದ ಹಣಕಾಸನ್ನು ಬಲ್ಲವರಿಗೆ ಈ ಬಾಳಿಕೆ ಎಷ್ಟು ಅಪರೂಪದ್ದೆಂಬುದು ಗೊತ್ತು.

ಸಣ್ಣ ಪ್ರಕಾಶಕನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಹಾಕಿದ ಹಣ ಮರಳುವ ನಿಧಾನಗತಿ. ಇನ್ನೂರು ರೂಪಾಯಿ ಮುಖಬೆಲೆಯ ಪುಸ್ತಕಕ್ಕೆ ಶೇ 40ರಷ್ಟು ಸೋಡಿ, ಅಂದರೆ ಮಾರಾಟಗಾರನಿಗೆ ಬಿಟ್ಟುಕೊಡುವ ಪಾಲು, ಎಂದಿಟ್ಟುಕೊಂಡರೆ 80 ರೂಪಾಯಿ ಅಲ್ಲಿಗೇ ಹೋಗುತ್ತದೆ. ಲೇಖಕನ ಗೌರವಧನ ಶೇ 10 ಎಂದರೆ ಇನ್ನೂ 20 ರೂಪಾಯಿ. ಉಳಿದ ನೂರರಲ್ಲಿ ಕಾಗದ, ಅಚ್ಚು, ರಟ್ಟು, ಪುಟವಿನ್ಯಾಸ, ಸಾಗಣೆ, ದಾಸ್ತಾನು ಕೋಣೆಯ ಬಾಡಿಗೆ ಎಲ್ಲವೂ ನಡೆಯಬೇಕು. ಕಾಗದದವನಿಗೂ ಮುದ್ರಣಾಲಯಕ್ಕೂ ಹಣ ಬೇಗ ಸಲ್ಲಬೇಕು, ಅಂಗಡಿಯವರಾದರೋ ಪುಸ್ತಕವನ್ನು ಉದರಿಯಲ್ಲಿ ಒಯ್ದು, ಮಾರಾಟವಾಗದ ಪ್ರತಿಗಳನ್ನು ತಿಂಗಳುಗಳ ನಂತರ ಹಿಂದಿರುಗಿಸುತ್ತಾರೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವೆಂಬುದು ಅನುಕೂಲದಂತೆ ಕಂಡರೂ, ಕಾಗದದ ಮೇಲೆ ತೆತ್ತ ತೆರಿಗೆಯನ್ನು ಅದೇ ಕಾರಣದಿಂದ ಮರಳಿ ಜಮೆ ಮಾಡಿಕೊಳ್ಳಲಾಗದೆ ಅದು ವೆಚ್ಚದಲ್ಲೇ ಸೇರಿಹೋಗುತ್ತದೆ. ಇದರ ಮೇಲೆ, ಅಗ್ಗದ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿದ್ದು, ಓದುಗರಿಗೆ ನೇರವಾಗಿ ಪುಸ್ತಕ ಕಳುಹಿಸಿ ಸೋಡಿ ಉಳಿಸುತ್ತಿದ್ದ ಪ್ರಕಾಶಕರಿಗೆ ಬಿದ್ದ ದೊಡ್ಡ ಪೆಟ್ಟು.

ಹೈದರಾಬಾದಿನ ಟ್ರಸ್ಟಿಗೆ ನೆರವಾದದ್ದು ದೀರ್ಘಕಾಲ ಮಾರಾಟವಾಗುವ ಪುಸ್ತಕಗಳ ಆಯ್ಕೆ. ಅಲೆಕ್ಸ್ ಹೇಲಿಯ ‘ರೂಟ್ಸ್’ ಕಾದಂಬರಿಯನ್ನು ಸಹವಾಸಿ ಸಂಗ್ರಹಿಸಿ ಅನುವಾದಿಸಿದ ‘ಏಡು ತರಾಲು’ ಮತ್ತೆ ಮತ್ತೆ ಮುದ್ರಣ ಕಂಡಿತು. ಬೃಹತ್ ಕೃತಿಯೊಂದು ಹೀಗೆ ಚಿಕ್ಕದಾದಾಗ ಕಾಗದದ ಖರ್ಚು ಇಳಿದು, ಕೊಳ್ಳುವ ಶಕ್ತಿ ಕಡಿಮೆಯಿದ್ದ ಓದುಗನಿಗೂ ಅದು ಎಟುಕುತ್ತದೆಂಬುದನ್ನು ಗಮನಿಸಬೇಕು. ಅನುವಾದ, ಅಕ್ಷರಜೋಡಣೆಗಳ ಖರ್ಚು ಮೊದಲ ಮುದ್ರಣದಲ್ಲೇ ತೀರಿರುವುದರಿಂದ, ಮರುಮುದ್ರಣದಿಂದ ಉಳಿಯುವ ಹಣವೇ ನಿಧಾನವಾಗಿ ಮಾರಾಟವಾಗುವ ಹೊಸ ಲೇಖಕನ ಪುಸ್ತಕಕ್ಕೆ ಬಂಡವಾಳವಾಗಬಲ್ಲದು.

ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಇನ್ನೊಂದು ಹಾದಿ ಹಿಡಿಯಿತು: ಚಂದಾದಾರರಿಂದ ಹಣವನ್ನು ಮುಂಗಡವಾಗಿ ಪಡೆದು ಪುಸ್ತಕ ತಲುಪಿಸುವ ವ್ಯವಸ್ಥೆ ಅದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನೆಚ್ಚಿಕೊಂಡು, ಆಯ್ಕೆಪಟ್ಟಿಗೂ ಬಾಕಿ ಹಣಕ್ಕೂ ಕಾಯುವ ಇಂದಿನ ಅನೇಕ ಕನ್ನಡ ಪ್ರಕಾಶಕರು ಆ ಚಂದಾ ಪದ್ಧತಿಯನ್ನು ಹೊಸದಾಗಿ ಪರಿಶೀಲಿಸುವುದು ಒಳಿತು. ಏಕೆಂದರೆ ಐನೂರು ಪ್ರತಿ ಅಚ್ಚು ಹಾಕಿಸಬೇಕೋ ಸಾವಿರವೋ ಎಂಬುದನ್ನು, ಮುದ್ರಣಾಲಯಕ್ಕೆ ಹೋಗುವ ಮೊದಲೇ, ಚಂದಾದಾರರ ಪಟ್ಟಿ ನೋಡಿ ತೀರ್ಮಾನಿಸಬಹುದು.