ಫಾಸ್ಟರ್ ಫೇಣೆ ಮತ್ತು ಪುಣೆಯ ಇತಿಹಾಸ

ಮರಾಠಿ ಬಾಲಸಾಹಿತ್ಯದಲ್ಲಿ ಸಾಹಸಕ್ಕೂ ಪತ್ತೇದಾರಿಗೂ ಗಂಟು ಹಾಕಿದ ಲೇಖಕರಲ್ಲಿ ಭಾ. ರಾ. ಭಾಗವತ (1910–2001) ಮುಖ್ಯರು. ಅವರ ನಾಯಕ ಬನೇಶ ಫೇಣೆ ಪುಣೆಯ ಮಗ್ಗುಲಿನ ಫುರಸುಂಗಿಯ ಹುಡುಗ. ಪುಣೆಯ ವಿದ್ಯಾಭವನ ಶಾಲೆಯಲ್ಲಿ ಓದುತ್ತಾನೆ, ಸೈಕಲ್ ಓಡಿಸುತ್ತಾನೆ, ಮಾತುಮಾತಿಗೆ ‘ಟಾಕ್’ ಎಂದು ನಾಲಿಗೆ ಹೊಡೆಯುತ್ತಾನೆ. ‘ಫಾಸ್ಟರ್ ಫೇಣೆ’ ಎಂಬ ಅಡ್ಡಹೆಸರಿನ ಇವನ ಕಥೆಗಳು ಇಪ್ಪತ್ತು ಪುಸ್ತಕಗಳಾಗಿವೆ. ದೂರದರ್ಶನದಲ್ಲಿ ಧಾರಾವಾಹಿಯೂ 2017ರಲ್ಲಿ ಸಿನಿಮಾವೂ ಬಂದವು.

ಜೂಲ್ಸ್ ವರ್ನ್‌ನನ್ನು ಮರಾಠಿಗೆ ತಂದ ಭಾಗವತರು ಅವನಿಂದ ಕಲಿತದ್ದು ಭೂಗೋಳದ ರುಚಿ. ಫೇಣೆ ಕಾಶ್ಮೀರಕ್ಕೆ ಹೋಗುತ್ತಾನೆ, ಚಂಡಮಾರುತಕ್ಕೆ ಸಿಕ್ಕುತ್ತಾನೆ, ಕಾಡು ಹೊಗುತ್ತಾನೆ. ಎಲ್ಲೇ ಹೋದರೂ ಅವನು ನಡೆದ ನೆಲ ಓದುವ ಹುಡುಗನಿಗೆ ಗುರುತು ಸಿಗುವಂತಿರುತ್ತದೆ. ಈ ಕಥೆಗಳ ನಿಜವಾದ ಬಲ ಇದು.

ಇತಿಹಾಸದ ವಿಷಯದಲ್ಲಿ ಇಷ್ಟು ಹೊಗಳಲಾಗದು. ಫೇಣೆ ಪ್ರತಾಪಗಡವನ್ನೂ ಹತ್ತುತ್ತಾನೆ. ಅದರ ಹೆಸರಿನಲ್ಲೇ ಒಂದು ಪುಸ್ತಕವಿದೆ. ಆದರೆ ಅವನು ತನ್ನ ಕಾಲದ ಹುಡುಗ, ಬೆನ್ನಟ್ಟುವ ಕಳ್ಳರೂ ಅದೇ ಕಾಲದವರು. ಇದು ಲೇಖಕರೊಬ್ಬರ ದೋಷವೂ ಅಲ್ಲ. 1659ರ ನವೆಂಬರ್ 10ರಂದು ಆ ಕೋಟೆಯ ಬುಡದಲ್ಲಿ ಶಿವಾಜಿ ಬಿಜಾಪುರದ ಸರದಾರ ಅಫಜಲಖಾನನನ್ನು ಕೊಂದದ್ದು ಮಹಾರಾಷ್ಟ್ರದ ಮಕ್ಕಳಿಗೆ ಬಾಯಿಪಾಠ. ಉತ್ತರ ಮೊದಲೇ ಗೊತ್ತಿರುವಲ್ಲಿ, ಪ್ರಶ್ನಿಸುವುದಕ್ಕೆ ಭಕ್ತಿಯೇ ಅಡ್ಡಬರುವಲ್ಲಿ, ರಹಸ್ಯ ಹುಟ್ಟುವುದು ಕಷ್ಟ.

ಹಿಂದಿನ ಪೀಳಿಗೆಯ ಮಕ್ಕಳಿಗೆ ಇತಿಹಾಸದ ರಹಸ್ಯಗಳ ಹಸಿವು ತಣಿಸಿದ್ದು ದೊಡ್ಡವರ ಕಾದಂಬರಿಗಳು. ಪುಣೆಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳು ಗಳಗನಾಥರ ಮೂಲಕ ಕನ್ನಡಕ್ಕೂ ಬಂದವು. ವೇಷ ಮರೆಸಿದವರು, ಸುರಂಗ, ಒಳಸಂಚು ಎಲ್ಲ ಈ ಬಗೆಯ ಬರವಣಿಗೆಯಲ್ಲಿ ಧಾರಾಳ. ಆದರೆ ಗುಟ್ಟನ್ನು ಬಿಚ್ಚುವವನು ಲೇಖಕನೇ. ಸುಳಿವು ಹಿಡಿದು ತಾನೇ ಮುಂದೆ ಹೋಗುವ ಕೆಲಸ ಓದುಗನಿಗಿಲ್ಲ. ಸತ್ಯಜಿತ್ ರಾಯ್ ಈ ತೊಡಕನ್ನು ಬೇರೆ ರೀತಿ ಬಿಡಿಸಿದರು: ಅವರ ಪತ್ತೇದಾರ ಫೆಲುದಾ ಎಲ್ಲೋರಕ್ಕೆ ಬರುವುದು ಪುರಾತನ ಶಿಲ್ಪಗಳನ್ನು ಕದ್ದು ಸಾಗಿಸುವವರ ಬೆನ್ನು ಹತ್ತಿ. ಅಲ್ಲಿ ಇತಿಹಾಸ ಬರಿಯ ಹಿನ್ನೆಲೆಯಲ್ಲ, ಕಳುವಾಗುವ ಮಾಲೇ ಅದು.

ಪುಣೆಯ ಕಥೆಗೆ ಅಷ್ಟು ದೂರ ಹೋಗುವ ಅಗತ್ಯವೂ ಇರಲಿಲ್ಲ. 1773ರ ಆಗಸ್ಟ್ 30ರಂದು ಪೇಶ್ವೆಗಳ ಅರಮನೆ ಶನಿವಾರವಾಡೆಯೊಳಗೆ ಹದಿನೆಂಟರ ಪೇಶ್ವೆ ನಾರಾಯಣರಾಯನನ್ನು ಗಾರ್ದಿ ಕಾವಲುಗಾರರು ಕಡಿದು ಕೊಂದರು. ಅವರ ಮುಂದಾಳು ಸುಮೇರಸಿಂಗ. ಹುಣ್ಣಿಮೆಯ ರಾತ್ರಿ ಹುಡುಗನ ಕೂಗು ಇನ್ನೂ ಕೇಳಿಸುತ್ತದೆಂಬ ಭೂತದ ಕಥೆಯನ್ನು ವಾಡೆ ನೋಡಬಂದವರಿಗೆಲ್ಲ ಹೇಳುತ್ತಾರೆ. ಅದಕ್ಕಿಂತ ಸ್ವಾರಸ್ಯವಾದದ್ದು ತನಿಖೆ. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ವಿಚಾರಿಸಿ, ಗಾದಿಗೆ ಬಂದ ಚಿಕ್ಕಪ್ಪ ರಘುನಾಥರಾಯನನ್ನೇ ತಪ್ಪಿತಸ್ಥನೆಂದರು. ಗಾರ್ದಿಗಳಿಗೆ ಅವನು ಕೊಟ್ಟ ‘ಧರಾವೆ’ (ಹಿಡಿಯಬೇಕು) ಎಂದಿದ್ದ ಆಜ್ಞೆಯನ್ನು ಅವನ ಹೆಂಡತಿ ಆನಂದಿಬಾಯಿ ‘ಮಾರಾವೆ’ (ಕೊಲ್ಲಬೇಕು) ಎಂದು ತಿದ್ದಿದಳೆಂಬುದು ಜನರ ಮಾತು. ಆ ಮಾತನ್ನು ನಂಬಬೇಕೇ, ಬೇಡವೇ? ಮಕ್ಕಳ ಪತ್ತೇದಾರಿ ಕಥೆಗೆ ಇಷ್ಟು ಸಾಕು: ಶಂಕಿತರಿದ್ದಾರೆ, ಕಾಗದವಿದೆ, ಅಂಜದ ನ್ಯಾಯಾಧೀಶನೂ ಇದ್ದಾನೆ.

ಸಾಕ್ಷ್ಯ ಹುಡುಕುವ ದಾರಿಯೂ ಅದೇ ಊರಿನಲ್ಲಿದೆ. ಪೇಶ್ವೆ ದಫ್ತರದಲ್ಲಿ ಹಳೆಯ ಮರಾಠಿ ಬರಹದ ಮೋಡಿ ಲಿಪಿಯ ಕಾಗದದ ಕಟ್ಟುಗಳಿವೆ, 1910ರಲ್ಲಿ ಇತಿಹಾಸಕಾರ ರಾಜವಾಡೆಯವರ ಮುಂದಾಳತ್ವದಲ್ಲಿ ಹುಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳವಿದೆ. ಮೋಡಿ ಓದಬಲ್ಲ ಅಜ್ಜನೊಬ್ಬ ಫೇಣೆಯ ಜೊತೆಗಿದ್ದರೆ ಕಥೆಯ ಹದವೇ ಬದಲಾಗುತ್ತಿತ್ತು.

ಫೇಣೆಯ ಪುಸ್ತಕಗಳು ಓಟದ ಕಥೆಗಳಾಗಿ ಈಗಲೂ ಸೊಗಸು. ಅವುಗಳನ್ನು ಐತಿಹಾಸಿಕ ರಹಸ್ಯಕಥೆಗಳೆಂದು ಕರೆಯುವುದು ಮಾತ್ರ ಸಲ್ಲದು.