‘ಆಕ್ರೋಶ’ ಎಂಬ ಹೊದಿಕೆ

1893ರಲ್ಲಿ ಗಾಂಧೀಜಿಯವರನ್ನು ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ರೈಲಿನಿಂದ ಹೊರದಬ್ಬಿದ ಕತೆ ಹೇಳುವಾಗ ‘ವರ್ಣಭೇದ’ ಎಂಬ ಪದ ನಮ್ಮ ಬಾಯಿಗೆ ತಡವಿಲ್ಲದೆ ಬರುತ್ತದೆ. ಅದೇ ಪದ ನಮ್ಮ ಊರಿನ ರಸ್ತೆಗೆ ಬಂದಾಗ ನಾಲಿಗೆ ತೊದಲುತ್ತದೆ.

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಕಡೆ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಹರಿದು ಮಹಿಳೆಯೊಬ್ಬರು ಮೃತಪಟ್ಟರು. ಸ್ವಲ್ಪ ಹೊತ್ತಿನ ಬಳಿಕ ಅದೇ ದಾರಿಯಲ್ಲಿ ತಾಂಜಾನಿಯಾದ ವಿದ್ಯಾರ್ಥಿಗಳಿದ್ದ ಇನ್ನೊಂದು ಕಾರು ಬಂತು. ಗುಂಪು ಅವರನ್ನು ಥಳಿಸಿತು. ವಿದ್ಯಾರ್ಥಿನಿಯೊಬ್ಬಳು ತನ್ನ ಬಟ್ಟೆ ಹರಿದರೆಂದು ದೂರಿತ್ತಳು. ಕಾರಿಗೆ ಬೆಂಕಿ ಬಿತ್ತು. ಆಗಿನ ಗೃಹಸಚಿವ ಜಿ. ಪರಮೇಶ್ವರ್ ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂದರು.

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಅಪಘಾತ ಮಾಡಿದವನನ್ನೇ ಹಿಡಿದು ಹೊಡೆದಿದ್ದರೆ ಅದು ಸಿಟ್ಟು, ಅಪರಾಧವೂ ಹೌದು. ಸಾವಿನ ಎದುರು ಜನ ಕುದಿಯುವುದು ನಮಗೂ ಅರ್ಥವಾಗುತ್ತದೆ. ಆದರೆ ಎರಡನೆಯ ಕಾರಿನಲ್ಲಿದ್ದವರು ಮೊದಲ ಚಾಲಕನ ದೇಶದವರಲ್ಲ, ಆ ಸಾವಿಗೆ ಯಾವ ರೀತಿಯಲ್ಲೂ ಕಾರಣರಲ್ಲ. ಗುಂಪಿನ ಕಣ್ಣಿಗೆ ಅವರನ್ನು ಅವನೊಂದಿಗೆ ಜೋಡಿಸಿದ್ದು ಮೈಬಣ್ಣ ಮಾತ್ರ. ಒಬ್ಬನ ತಪ್ಪಿಗೆ ಅವನಂತೆ ಕಾಣುವ ಇನ್ನೊಬ್ಬರಿಗೆ ಏಟು! ಜನಾಂಗೀಯತೆ ಎಂದರೆ ಇದಲ್ಲದೆ ಇನ್ನೇನು? ‘ಅಪಘಾತಕ್ಕೆ ಪ್ರತಿಕ್ರಿಯೆ’ ಎಂಬುದು ಆ ಆರೋಪಕ್ಕೆ ಉತ್ತರವೇ ಅಲ್ಲ. ಆರೋಪವನ್ನೇ ಮೆದುವಾಗಿ ಹೇಳಿದ ಬಗೆ.

ಪತ್ರಿಕೆಗಳ ಭಾಷೆಯೂ ಇದಕ್ಕೆ ಹೊರತಲ್ಲ. ‘ಸ್ಥಳೀಯರ ಆಕ್ರೋಶ’, ‘ಅಹಿತಕರ ಘಟನೆ’ ಎಂಬಂಥ ಮಾತುಗಳಲ್ಲಿ ಹೊಡೆದವನು ಕಾಣುವುದಿಲ್ಲ. ಆಕ್ರೋಶ ತಾನಾಗಿ ಭುಗಿಲೆದ್ದಿತು, ಘಟನೆ ತಾನಾಗಿ ನಡೆಯಿತು. ಇನ್ನು ‘ಆಫ್ರಿಕಾ ಪ್ರಜೆ’ ಎಂಬ ಪ್ರಯೋಗ! ಐವತ್ತಕ್ಕೂ ಹೆಚ್ಚು ದೇಶಗಳ ಖಂಡಕ್ಕೆ ನಾವೇ ಒಂದು ಪೌರತ್ವ ಹಂಚಿಬಿಟ್ಟಿದ್ದೇವೆ. ಗುಂಪು ಮಾಡಿದ್ದೂ ಅದನ್ನೇ ಅಲ್ಲವೇ?

ದಿಲ್ಲಿಯ ಭಾಷೆ ಬೇರೆಯೇನೂ ಅಲ್ಲ. 2016ರ ಮೇ ತಿಂಗಳಲ್ಲಿ ಅಲ್ಲಿ ಆಫ್ರಿಕನ್ನರ ಮೇಲೆ ಹಲ್ಲೆಗಳಾದಾಗ ವಿದೇಶಾಂಗ ಖಾತೆಯ ರಾಜ್ಯ ಸಚಿವ ವಿ.ಕೆ. ಸಿಂಗ್ ಸಣ್ಣ ಜಗಳವನ್ನು ಮಾಧ್ಯಮಗಳು ದೊಡ್ಡದು ಮಾಡುತ್ತಿವೆ ಎಂದು ದೂರಿದರು. ಮರುವರ್ಷ ಗ್ರೇಟರ್ ನೋಯ್ಡಾದಲ್ಲಿ ನೈಜೀರಿಯಾದ ವಿದ್ಯಾರ್ಥಿಗಳ ಮೇಲೆ ದಾಳಿಯಾದ ಬಳಿಕ ಆಫ್ರಿಕಾ ದೇಶಗಳ ರಾಯಭಾರಿಗಳು ಒಟ್ಟಾಗಿ ಇದನ್ನು ಜನಾಂಗೀಯ ಎಂದು ಕರೆದರು. ನಮ್ಮ ಸರಕಾರಕ್ಕೆ ನೋವಾದದ್ದು ಆ ಪದದಿಂದ.

ಇದು ಕೇವಲ ಶಬ್ದಗಳ ತಕರಾರು ಎಂದು ಕೆಲವರು ಹೇಳಬಹುದು. ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ 2014ರಲ್ಲಿ ದಿಲ್ಲಿಯಲ್ಲಿ ಹಲ್ಲೆಗೊಳಗಾಗಿ ತೀರಿಕೊಂಡ ಬಳಿಕ ನೇಮಕವಾದ ಬೆಜ್‌ಬರುವಾ ಸಮಿತಿ, ಇಂಥ ಕೃತ್ಯಗಳಿಗೆ ಕಾನೂನಿನಲ್ಲೇ ಪ್ರತ್ಯೇಕ ಜಾಗ ಬೇಕೆಂದು ಶಿಫಾರಸು ಮಾಡಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 103(2) ಮತ್ತು 117(4)ನೆಯ ಕಲಮುಗಳು, ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಹುಟ್ಟಿದ ಸ್ಥಳ, ಭಾಷೆ ಮುಂತಾದ ಕಾರಣಕ್ಕೆ ಕೊಲೆ ಮಾಡಿದರೆ ಅಥವಾ ತೀವ್ರ ಗಾಯಗೊಳಿಸಿದರೆ ಅನ್ವಯಿಸುತ್ತವೆ. ಅವುಗಳಲ್ಲಿ ಕಾರಣವೇ ಮುಖ್ಯ. ಠಾಣೆಯಲ್ಲಿ ‘ರಸ್ತೆ ಜಗಳ’ ಎಂದು ಬರೆದುಕೊಂಡ ದೂರಿಗೆ ಆ ಕಲಮುಗಳು ತಗಲುವುದಿಲ್ಲ.